ಬಾಲ್ಕನಿ ಸೆನ್ಸರ್ ಅಳೆಯುತ್ತಿರುವುದು ಗಾಡಿ ಹೊಗೆನೇನಾ?

ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕದ ಮನೆ, ಬಾಲ್ಕನಿಯಲ್ಲಿ ಸಣ್ಣ ಪಿಎಂ 2.5 (ಗಾಳಿಯಲ್ಲಿ ತೇಲುವ, 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು) ಸೆನ್ಸರ್. ಗಾಡಿಗಳೇ ಇಲ್ಲದ ಬೆಳಗಿನ ಐದಕ್ಕೆ 110 (ಘನ ಮೀಟರ್ ಗಾಳಿಗೆ ಇಷ್ಟು ಮೈಕ್ರೋಗ್ರಾಂ) ಯಾಕೆ ತೋರಿಸುತ್ತೆ ಅಂತ ಕೇಳಿದ್ದೀರಿ.

ಮೊದಲು ತೇವ ನೋಡಿ. ಈ ಸೆನ್ಸರ್ ಕಣಗಳನ್ನು ತೂಗುವುದಿಲ್ಲ, ಲೇಸರ್ ಬೆಳಕು ಎಷ್ಟು ಚದುರಿತು ಅಂತ ನೋಡಿ ಲೆಕ್ಕ ಹಾಕುತ್ತದೆ. ಗಾಳಿಯ ತೇವಾಂಶ ಶೇ. 80 ದಾಟಿದರೆ ಕಣಗಳು ನೀರು ಕುಡಿದು ಉಬ್ಬುತ್ತವೆ, ಅಂಕಿ ಸುಮ್ನೆ ಏರುತ್ತದೆ. ನನ್ನದು ಒಮ್ಮೆ 180 ತೋರಿಸಿತು. ಗಾಬರಿಯಾಗಿ ಕೆಳಗೆ ಇಣುಕಿದರೆ ಪಕ್ಕದ ಮನೆಯವರು ಹಂಡೆ ಒಲೆಗೆ ತೆಂಗಿನ ಗರಿ ತುರುಕುತ್ತಿದ್ದರು!

ಅಸಲಿ ತೊಡಕೂ ಅದೇ. ಒಲೆ ಹೊಗೆ, ಮಂಡಕ್ಕಿ ಭಟ್ಟಿ ಹೊಗೆ, ರಸ್ತೆ ಧೂಳು, ಡೀಸೆಲ್ ಹೊಗೆ ಎಲ್ಲವೂ ಪಿಎಂ 2.5ಗೆ ಒಂದೇ. ಎಂಜಿನ್ ಉಗುಳುವ ಅತಿ ಸಣ್ಣ ಕಣಗಳು 0.1 ಮೈಕ್ರಾನ್‌ಗಿಂತ ಚಿಕ್ಕವು. ನಿಮ್ಮ ಸೆನ್ಸರ್‌ಗೆ ಸುಮಾರು 0.3ರ ಕೆಳಗಿನವು ಕಾಣುವುದೇ ಇಲ್ಲ.

ಗಾಡಿಗಳ ಪಾಲು ಬೇಕಿದ್ದರೆ ಎಂಜಿನ್ ಹೊಗೆಯಲ್ಲಿ ಬರುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ಅಳೆಯಿರಿ. ಅದಕ್ಕೆ ಬೆರಳುದ್ದದ ಪ್ಲಾಸ್ಟಿಕ್ ಕೊಳವೆ ಬರುತ್ತದೆ, ಕರೆಂಟ್ ಬೇಡ. ಎರಡರಿಂದ ನಾಲ್ಕು ವಾರ ನೇತುಹಾಕಿ ಲ್ಯಾಬ್‌ಗೆ ಕೊಡಬೇಕು. ಒಂದನ್ನು ರಸ್ತೆ ಅಂಚಲ್ಲಿ, ಇನ್ನೊಂದನ್ನು ರಸ್ತೆಯಿಂದ 200 ಮೀಟರ್ ದೂರದ ಒಳ ಗಲ್ಲಿಯಲ್ಲಿ ಕಟ್ಟಿ. ವ್ಯತ್ಯಾಸ ಬಹುತೇಕ ಗಾಡಿಗಳದ್ದೇ. ಸಿಗುವುದು ಸರಾಸರಿ ಮಾತ್ರ, ಗಂಟೆಗಂಟೆಯ ಲೆಕ್ಕ ಅಲ್ಲ.

ಅಂದಹಾಗೆ, ಪಿಎಂ 2.5ಗೆ ದೇಶದ ಮಿತಿಯಾದ 60 ಇರುವುದು 24 ಗಂಟೆಯ ಸರಾಸರಿಗೆ. ಬೆಳಗಿನ ಐದರ 110ನ್ನು ಅದರ ಪಕ್ಕ ಇಡಬೇಡಿ.