ಗೋಲ್ಡ್ ರಷ್ ಕಾಲದ ಯಹೂದಿ ಸ್ಮಶಾನದಲ್ಲಿ ಗೋರಿಕಲ್ಲು ಕಪ್ಪಾಗಿವೆ. ತೊಳೆಯಲು ವಿನೆಗರ್ ಒಳ್ಳೆಯದಾ, ಬ್ಲೀಚಾ?

ಎರಡೂ ಬೇಡ. ನಿಮ್ಮ ಪ್ರಶ್ನೆ ನೋಡಿ ಎದೆ ಧಸಕ್ ಅಂತು. ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಯಾರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ ಪಕ್ಕ. ಆಫೀಸಿನ ಯಹೂದಿ ಗೆಳೆಯನೊಬ್ಬನ ಜೊತೆ ಬೆಟ್ಟದ ಮೇಲಿನ ಒಂದು ಹಳೇ ಸ್ಮಶಾನಕ್ಕೆ ಹುಲ್ಲು ಕೀಳಲು ಹೋಗಿದ್ದೆ. ಯಾವ ಊರು ಅಂತ ಹೇಳುವುದಿಲ್ಲ, ನನಗೇ ನಾಚಿಕೆ. ಸೊನೋರಾ, ಜಾಕ್ಸನ್, ಪ್ಲಾಸರ್‌ವಿಲ್, ಗ್ರಾಸ್ ವ್ಯಾಲಿ, ನೆವಾಡಾ ಸಿಟಿ, ಹೀಗೆ ಆ ಕಡೆಯ ಚಿನ್ನದ ಊರುಗಳಲ್ಲಿ 1850ರ ದಶಕದ ಇಂಥ ಪುಟ್ಟ ಸ್ಮಶಾನಗಳಿವೆ. 1848ರಲ್ಲಿ ಕೊಲೋಮಾದಲ್ಲಿ ಚಿನ್ನ ಸಿಕ್ಕ ಸುದ್ದಿ ಕೇಳಿ ಜನ ನುಗ್ಗಿ ಬಂದದ್ದೇ ಗೋಲ್ಡ್ ರಷ್. ಹಾಗೆ ಬಂದವರಲ್ಲಿ ಬವೇರಿಯಾ, ಪ್ರಷ್ಯಾ ಕಡೆಯ ಯಹೂದಿಗಳೂ ಇದ್ದರು. ಅವರಲ್ಲಿ ಜಾಸ್ತಿ ಜನ ಚಿನ್ನ ಅಗೆಯಲಿಲ್ಲ, ಅಗೆಯುವವರಿಗೆ ಬಟ್ಟೆಬರೆ, ಸಾಮಾನು ಮಾರಿದರು. ಬುದ್ಧಿವಂತರು. ಪ್ರಾರ್ಥನೆಗೆ ಸಿನಗಾಗ್ ಕಟ್ಟುವ ಮೊದಲೇ ಸ್ಮಶಾನಕ್ಕೆ ಜಾಗ ಹುಡುಕುತ್ತಿದ್ದರು. ಆಮೇಲೆ ಚಿನ್ನ ತೀರಿತು, ಅಂಗಡಿಗಳು ಮುಚ್ಚಿದವು, ಜನ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಇಳಿದುಹೋದರು. ಗೋರಿಗಳು ಅಲ್ಲೇ ಉಳಿದವು, ಯಾಕಂದ್ರೆ ಹೂತವರನ್ನು ಎತ್ತಿ ಬೇರೆಡೆ ಸಾಗಿಸುವುದನ್ನು ಅವರ ಧರ್ಮ ಸುಲಭಕ್ಕೆ ಒಪ್ಪುವುದಿಲ್ಲ. ಇವುಗಳನ್ನು ನೋಡಿಕೊಳ್ಳಲೆಂದೇ ಒಂದು ಕಮಿಷನ್ ಹುಟ್ಟಿದ್ದು 1963ರಲ್ಲಿ.

ಈಗ ನನ್ನ ಘನಕಾರ್ಯ ಕೇಳಿ.

ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲು, ಮಗುವಿನದು. ಮೇಲರ್ಧ ಹೀಬ್ರೂ, ಕೆಳಗೆ ಇಂಗ್ಲಿಷ್. ಪಾಚಿ ಹಿಡಿದು ಕಪ್ಪಾಗಿತ್ತು. ನಮ್ಮಮ್ಮ ಹಿತ್ತಾಳೆ ದೀಪವನ್ನು ಹುಣಸೆಹಣ್ಣಲ್ಲಿ ಉಜ್ಜಿ ಫಳಫಳ ಮಾಡುತ್ತಿದ್ದದ್ದು ನನ್ನ ತಲೆಯಲ್ಲಿ. ಹುಳಿ ಅಂದರೆ ಕೊಳೆ ಹೋಗುತ್ತೆ, ಅಷ್ಟೇ ಲೆಕ್ಕ. ಅಡುಗೆಮನೆಯ ವಿನೆಗರ್ ಅಲ್ವಾ, ಏನಾಗುತ್ತೆ ಅಂತ ಕಲ್ಲಿನ ನೆತ್ತಿಯಿಂದ ಸುರಿದೆ.

ಸಣ್ಣಗೆ ನೊರೆ ಬಂತು. ಕೊಳೆ ಕರಗುತ್ತಿದೆ ಅಂತ ಖುಷಿಪಟ್ಟೆ. ಕರಗುತ್ತಿದ್ದದ್ದು ಕಲ್ಲು. ಅಮೃತಶಿಲೆ ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್, ಹುಳಿ ಬಿದ್ದರೆ ಸೀಮೆಸುಣ್ಣದ ಗತಿಯೇ ಅದಕ್ಕೂ. ಹಿತ್ತಾಳೆಯ ಕಿಲುಬು ಹೋದರೆ ಕೆಳಗೆ ಗಟ್ಟಿ ಹಿತ್ತಾಳೆ ಇರುತ್ತೆ. ನೂರೈವತ್ತು ವರ್ಷ ಮಳೆ ತಿಂದ ಅಮೃತಶಿಲೆಯ ಮೇಲ್ಪದರ ಸಕ್ಕರೆಯ ಹಾಗೆ ಪುಡಿಪುಡಿ. ಅಕ್ಷರ ಇರುವುದು ಆ ಪದರದಲ್ಲೇ. ಅದರ ಮೇಲೆ ನಾನು ತಂತಿ ಬ್ರಷ್ ಬೇರೆ ಹಾಕಿದೆ! ಬೆರಳಿಗೆ ಬಿಳಿ ಪುಡಿ ಅಂಟಿದಾಗಲೂ ಹೊಳೆಯಲಿಲ್ಲ. ಲಾಮೆದ್ ಅಂತ ಒಂದು ಅಕ್ಷರ ಇದೆ, ಸಾಲಿನಿಂದ ಮೇಲಕ್ಕೆ ಕತ್ತು ಎತ್ತಿಕೊಂಡಿರುತ್ತೆ. ಕಲ್ಲು ಒಣಗಿದಾಗ ಹೀಬ್ರೂ ಸಾಲುಗಳಲ್ಲಿ ಉಳಿದದ್ದು ಅದರ ಕತ್ತು ಮಾತ್ರ.

ಗೆಳೆಯ ಬೈಯಲಿಲ್ಲ. ‘ಇಂಗ್ಲಿಷಿನಲ್ಲಿ ಮಗುವಿನ ಹೆಸರಷ್ಟೇ ಇದೆ. ಇಂಥವರ ಮಗ ಅನ್ನುವುದು ಹೀಬ್ರೂದಲ್ಲಿತ್ತು’ ಅಂದ. ಯಾರೂ ಅದರ ಫೋಟೋ ತೆಗೆದಿರಲಿಲ್ಲ. ನಾನೂ ತೆಗೆದಿರಲಿಲ್ಲ, ಜೇಬಲ್ಲಿ ಫೋನ್ ಇತ್ತು.

ಅದಕ್ಕೇ ಹೇಳುತ್ತಿದ್ದೇನೆ, ಯಾವುದರಲ್ಲಿ ತೊಳೆಯಬೇಕು ಅನ್ನುವ ಪ್ರಶ್ನೆಯೇ ತಪ್ಪು. ಕಪ್ಪಾಗಿದ್ದರೆ ಇರಲಿ ಬಿಡಿ. ಅದು ಸ್ಮಶಾನ, ಮದುವೆಮನೆ ಅಲ್ಲ. ಬ್ಲೀಚ್ ಅಂತೀರಾ? ಅದರ ಉಪ್ಪು ಕಲ್ಲಿನೊಳಗೆ ಇಳಿದು ಹರಳುಗಟ್ಟಿ, ಒಳಗಿಂದಲೇ ಸಿಪ್ಪೆ ಎಬ್ಬಿಸುತ್ತೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತಿಕ್ಕುವುದೂ ಬೇಡ. ನಿಮಗೆ ಬೇಕಿರುವುದು ಓದುವುದು ತಾನೇ? ಒಂದು ಕನ್ನಡಿ ಒಯ್ಯಿರಿ. ಬಿಸಿಲನ್ನು ಪಕ್ಕದಿಂದ ಓರೆಯಾಗಿ ಕಲ್ಲಿನ ಮೇಲೆ ಬಿಡಿ. ಸವೆದ ಅಕ್ಷರದ ಅಂಚಿಗೂ ನೆರಳು ಬಂದು ಎದ್ದು ಕಾಣುತ್ತೆ. ಫೋಟೋ ತೆಗೆಯಿರಿ. ಹೀಬ್ರೂ ಬರದಿದ್ದರೂ ಇಸವಿ ಬಿಡಿಸಬಹುದು. ಅಕ್ಷರಗಳಿಗೇ ಬೆಲೆ ಇದೆ: ತಾವ್ 400, ರೇಶ್ 200, ಯೋದ್ 10, ಹೇತ್ 8, ಕೂಡಿದರೆ 618. ಇದು ಯಹೂದಿ ಪಂಚಾಂಗದ ಇಸವಿ, ಸಾವಿರದ ಅಂಕಿ ಬಿಟ್ಟು ಬರೆದದ್ದು. ಅದಕ್ಕೆ 1240 ಸೇರಿಸಿ, ಹೆಚ್ಚುಕಮ್ಮಿ 1858 ಬಂತು. ಎರಡು ಕೈ ಬೆರಳಗಲಿಸಿ ಕೆತ್ತಿದ್ದರೆ ಅವರು ಕೊಹೆನ್, ಅಂದರೆ ಪುರೋಹಿತರ ವಂಶ. ಹೂಜಿ ಇದ್ದರೆ ಲೇವಿ, ಅಂದರೆ ಆ ಪುರೋಹಿತರ ಕೈಗೆ ನೀರು ಹಾಕುವವರ ವಂಶ.

ತೊಳೆಯಲೇಬೇಕು ಅಂತ ನೋಡಿಕೊಳ್ಳುವವರೇ ಹೇಳಿದರೆ ಬರೀ ನೀರು, ಮೆತ್ತನೆ ಬ್ರಷ್. ಕಲ್ಲು ಅಲುಗಾಡುತ್ತಿದ್ದರೆ, ಪುಡಿ ಉದುರುತ್ತಿದ್ದರೆ ಅದೂ ಬೇಡ.

ಶನಿವಾರ ಹೋಗಬೇಡಿ, ಅವತ್ತು ಅವರ ಶಬ್ಬಾತ್, ವಾರದ ವಿಶ್ರಾಂತಿ ದಿನ. ಇನ್ನೊಂದು, ಗೋರಿಗಳ ಮೇಲೆ ಪುಟ್ಟ ಪುಟ್ಟ ಕಲ್ಲು ಕಾಣುತ್ತವೆ. ಕಸ ಅಂದುಕೊಂಡು ಗುಡಿಸಿಬಿಟ್ಟೀರಿ. ಬಂದುಹೋದವರು ಇಟ್ಟದ್ದು ಅವು. ಆ ಮಗುವಿನ ಕಲ್ಲಿನ ಮೇಲಿರುವ ಹನ್ನೊಂದೂ ನನ್ನವೇ.