ದೊಡ್ಡ ತೇಡೆಗೆ ಗಾಳ: ಕಾಳಿಯೋ, ಅಘನಾಶಿನಿಯೋ?

ಪ್ರಶ್ನೆ: ನಾವು ಶಿರಸಿಯ ನಾಲ್ವರು ಗೆಳೆಯರು. ಕೆರೆಯಲ್ಲಿ ಗಾಳ ಹಾಕಿ ಅಭ್ಯಾಸವಿದೆ, ದೊಡ್ಡ ಹೊಳೆ ಹೊಸದು. ದೀಪಾವಳಿ ರಜೆಯಲ್ಲಿ ಎರಡು ದಿನ ಕಾಳಿ ನದಿಗೆ ಹೋಗಿ ದೊಡ್ಡ ಕ್ಯಾಟ್‌ಫಿಶ್ ಹಿಡಿಯಬೇಕೆಂಬ ಆಸೆ. ದಾಂಡೇಲಿ ಒಳ್ಳೆಯದೋ, ಕದ್ರಾ ಅಣೆಕಟ್ಟಿನ ಕೆಳಗೋ? ಯಾವ ಗಾಳ, ಯಾವ ಎರೆ? ಅನುಮತಿ ಬೇಕೇ?
— ಓದುಗರು, ಶಿರಸಿ

ಉತ್ತರ: ದಾಂಡೇಲಿಯ ವಿಚಾರ ಬಿಟ್ಟೇಬಿಡಿ. ಅಲ್ಲಿನ ಕಾಳಿಯಲ್ಲಿ ಮೊಸಳೆಗಳಿವೆ. ಗಾಳ ಹಾಕುವವರು ನೀರಂಚಿನಲ್ಲೇ ಅಲ್ಲಾಡದೆ ಕೂರುತ್ತಾರೆ, ಮೊಸಳೆಗೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಜತೆಗೆ ಮೇಲಿನ ಕಾಳಿಯ ಬಹುಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹರಿಯುತ್ತದೆ. ಅಲ್ಲಿ ಮೀನು ಹಿಡಿಯುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಕದ್ರಾ ಕೆಳಗೆ? ಅಲ್ಲಿ ಮೀನಿದೆ, ನಿಜ. ಆದರೆ ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟುಗಳಿವೆ. ಕದ್ರಾದಲ್ಲಿ ವಿದ್ಯುತ್ ಯಂತ್ರ ತಿರುಗಿದಾಗ ಕೆಳಗಿನ ಹೊಳೆ ಏರುತ್ತದೆ, ನಿಂತಾಗ ಇಳಿಯುತ್ತದೆ. ಮಳೆ ಹೆಚ್ಚಾಗಿ ಗೇಟು ತೆರೆದರಂತೂ ಏನಾಗುತ್ತದೆಂದು 2019ರ ಆಗಸ್ಟಿನಲ್ಲಿ ಕದ್ರಾ, ಮಲ್ಲಾಪುರದ ಜನ ಕಂಡಿದ್ದಾರೆ. ಬೆಳಿಗ್ಗೆ ಕಾಲಿಟ್ಟು ದಾಟಿದ ಬಂಡೆ ಮಧ್ಯಾಹ್ನ ನೀರಿನಡಿ ಹೋಗಿರಬಹುದು. ಆ ಊರಿನವರಿಗೆ ಸದ್ದಿನಲ್ಲೇ ನೀರು ಬರುವುದು ತಿಳಿಯುತ್ತದೆ. ಹೊರಗಿನಿಂದ ಬಂದವರಿಗೆ ತಿಳಿಯುವುದಿಲ್ಲ.

ಹೊಳೆಗೆ ಗಾಳ ಹಾಕುವ ಮುಂಚೆ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಇಲ್ಲಿ ನೀರನ್ನು ಯಾರು ನಡೆಸುತ್ತಾರೆ ಎಂಬುದು. ಕಾಳಿಯನ್ನು ಸಮುದ್ರ, ಮಳೆ, ವಿದ್ಯುದಾಗಾರ ಮೂರೂ ನಡೆಸುತ್ತವೆ. ನಿಮ್ಮೂರಿನ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ಒಂದೂ ಅಣೆಕಟ್ಟಿಲ್ಲ. ಅದನ್ನು ನಡೆಸುವುದು ಮಳೆ ಮತ್ತು ಉಬ್ಬರವಿಳಿತ ಮಾತ್ರ. ದೀಪಾವಳಿ ಹೊತ್ತಿಗೆ ಮಳೆಯ ಅಬ್ಬರ ಇಳಿದಿರುತ್ತದೆ, ಉಳಿಯುವುದು ಉಬ್ಬರ ಒಂದೇ. ಅದು ಎಷ್ಟು ಹೊತ್ತಿಗೆ ಬರುತ್ತದೆಂದು ಮೊದಲೇ ಲೆಕ್ಕ ಹಾಕಬಹುದು. ಆದ್ದರಿಂದ ಮೊದಲ ಪ್ರವಾಸಕ್ಕೆ ದೇವಿಮನೆ ಘಾಟಿ ಇಳಿದು ಕುಮಟಾ ಕಡೆಗೆ ಹೋಗಿ. ಮಿರ್ಜಾನಿನಿಂದ ತದಡಿಯವರೆಗಿನ, ಹೊಳೆ ಸಮುದ್ರ ಸೇರುವ ಅಳಿವೆ ಪ್ರದೇಶವೇ ನಿಮಗೆ ಸರಿ. ಕಾಳಿಯನ್ನು ಮುಂದಿನ ವರ್ಷಕ್ಕಿಡಿ, ಆಗಲೂ ಕದ್ರಾ ಬಳಿ ಬೇಡ. ಕಿನ್ನರ, ಕಡವಾಡದ ಕಡೆ ಉಪ್ಪುನೀರು ಬರುವ ಅಗಲ ಹೊಳೆ ಸಾಕು. ಸದಾಶಿವಗಡದ ಹತ್ತಿರ 2024ರಲ್ಲಿ ಹಳೆ ಸೇತುವೆ ಕುಸಿದ ಜಾಗದಿಂದ ದೋಣಿಯನ್ನು ದೂರವೇ ಇಟ್ಟುಕೊಳ್ಳಿ.

ಇನ್ನು ಮೀನು. ಅಳಿವೆಯಲ್ಲಿ ನಿಮಗೆ ಸಿಗುವ ದೊಡ್ಡ ಮೀಸೆಯ ಮೀನು ಮಂಗಳೂರು ಕಡೆಯವರು ತೇಡೆ ಎನ್ನುವ, ಕಾರವಾರದ ಕೊಂಕಣಿಗರು ಸಂಗಟ ಎನ್ನುವ ಜಾತಿ. ಒಂದೆರಡು ಕಿಲೋದ್ದು ಸಾಮಾನ್ಯ. ನಾಲ್ಕು ಕಿಲೋ ದಾಟಿದರೆ ಅದನ್ನು ದೊಡ್ಡದೆಂದೇ ಎಣಿಸಿ. ಯೂಟ್ಯೂಬಿನಲ್ಲಿ ಕಾಣುವ ಆಳೆತ್ತರದ ಮೀನುಗಳು ಬೇರೆ ದೇಶದ ಬೇರೆ ನದಿಗಳವು, ಅವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡಬೇಡಿ.

ದಿನ ಆರಿಸುವುದರಲ್ಲೇ ಅರ್ಧ ಕೆಲಸವಿದೆ. ದೀಪಾವಳಿ ಎಂದರೆ ಅಮಾವಾಸ್ಯೆ. ಅಮಾವಾಸ್ಯೆ ಮತ್ತು ಅದರ ಮರುದಿನಗಳಲ್ಲಿ ಉಬ್ಬರವಿಳಿತದ ಸೆಳೆತ ಅತಿ ಜೋರು. ಸೀಸದ ಗುಂಡು ತಳದಲ್ಲಿ ನಿಲ್ಲುವುದಿಲ್ಲ, ಕಸ ಬಂದು ದಾರಕ್ಕೆ ಸುತ್ತಿಕೊಳ್ಳುತ್ತದೆ, ಹೊಸಬರ ದೋಣಿಗೂ ಕಷ್ಟ. ಬಲಿಪಾಡ್ಯಮಿಯನ್ನು ಮನೆಯಲ್ಲೇ ಮಾಡಿ, ಗೋಪೂಜೆ ಮುಗಿಸಿ, ಪಂಚಮಿಯಿಂದ ಸಪ್ತಮಿಯೊಳಗಿನ ಎರಡು ದಿನ ಇಟ್ಟುಕೊಳ್ಳಿ. ಆಗ ಸೆಳೆತ ಹದಕ್ಕೆ ಬಂದಿರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಆ ಹೊತ್ತಿಗೆ ಅದು ಮಧ್ಯಾಹ್ನ ದಾಟಿ ಸಂಜೆಯ ಕಡೆಗೆ ಜಾರಿರುತ್ತದೆ. ಮೀಸೆಯ ಮೀನು ಕಣ್ಣಿಗಿಂತ ವಾಸನೆ, ರುಚಿಯನ್ನೇ ನಂಬಿ ಮೇಯುವಂಥದ್ದು. ಬೆಳಕು ಇಳಿಯುವ ಹೊತ್ತಿಗೆ ದಡದ ಹತ್ತಿರ ಬರುತ್ತದೆ. ಉಬ್ಬರದ ಕೊನೆಯ ಎರಡು ತಾಸು, ಇಳಿತದ ಮೊದಲ ಎರಡು ತಾಸು ಬಿಡಬೇಡಿ. ನಡುವೆ ನೀರು ಕದಲದೆ ನಿಂತಾಗ ಊಟ ಮಾಡಿಕೊಳ್ಳಿ. ನಿಖರ ಸಮಯಕ್ಕೆ ಆ ದಿನದ ಟೈಡ್ ಟೇಬಲ್ (ಉಬ್ಬರವಿಳಿತದ ಕೋಷ್ಟಕ) ನೋಡಿ. ದೋಣಿಯವರ ಮಾತು ಅದಕ್ಕೆ ವಿರುದ್ಧವಾದರೆ ದೋಣಿಯವರನ್ನೇ ನಂಬಿ, ಏಕೆಂದರೆ ಕೋಷ್ಟಕ ಬಂದರಿನದು, ಹೊಳೆಯೊಳಗೆ ನೀರು ತಡವಾಗಿ ತಲುಪುತ್ತದೆ.

ಜಾಗ ಹುಡುಕುವಾಗ ಹೊಳೆ ತಿರುಗುವಲ್ಲಿ ಹೊರಬದಿಯ ಆಳವನ್ನು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನಿಂದ ಸಣ್ಣ ಕೋಡಿ ಬಂದು ಸೇರುವ ಬಾಯಿಯನ್ನು ನೋಡಿ. ಇಳಿತದಲ್ಲಿ ಗಜನಿ, ಅಂದರೆ ಉಪ್ಪುನೀರು ಬರುವ ಗದ್ದೆಗಳಿಂದ ನೀರು ಹೊರಬರುವ ತೂಬಿನ ಮುಂದೆಯೂ ಮೀನು ಕಾಯುತ್ತಿರುತ್ತದೆ. ಆದರೆ ಗಜನಿಯ ಮೀನಿನ ಹಕ್ಕು ಸಾಮಾನ್ಯವಾಗಿ ರೈತರದೋ ಗುತ್ತಿಗೆ ಹಿಡಿದವರದೋ ಆಗಿರುತ್ತದೆ. ಕೇಳದೆ ತೂಬಿನ ಹತ್ತಿರ ಗಾಳ ಹಾಕಬೇಡಿ. ಬಳಚು (ಚಿಪ್ಪುಮೀನು) ಹೆಕ್ಕುವವರು ಸೊಂಟಮಟ್ಟ ನೀರಿನಲ್ಲಿ ಇರುತ್ತಾರೆ, ಅವರ ಕಡೆಗೆ ಗಾಳ ಬೀಸಲೇಬೇಡಿ. ಈ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಆದರೆ ಅದಕ್ಕೂ ಬಹಳ ಹಿಂದಿನಿಂದ ಇದು ಅವರ ದುಡಿಮೆಯ ಜಾಗ.

ಗಾಳದ ಸಾಮಾನಿಗೆ ಹೆಚ್ಚು ಖರ್ಚು ಬೇಡ. ಗಟ್ಟಿ ಕೋಲು, 12–15 ಕಿಲೋ ತಡೆಯುವ ತಂಗೂಸಿ ದಾರ, ಕೊನೆಯ ಎರಡಡಿಗೆ ಅದರ ಎರಡರಷ್ಟು ದಪ್ಪದ ದಾರ. ಮೀನಿನ ಹಲ್ಲಿಗೆ ಹೆದರಿ ಅಲ್ಲ, ಬಂಡೆಗೆ ಅಂಟಿದ ಚಿಪ್ಪು ದಾರವನ್ನು ಕೊಯ್ಯುತ್ತದೆ ಎಂದು. ಗುಂಡು ದಾರದ ಮೇಲೆ ಸಲೀಸಾಗಿ ಜಾರುವಂತೆ ಕಟ್ಟಿ. ಎರೆ ಎಳೆದಾಗ ಭಾರ ತಗುಲಿದರೆ ಮೀನು ಉಗುಳಿಬಿಡುತ್ತದೆ. ಕೊಕ್ಕೆ ತುದಿ ಒಳಕ್ಕೆ ಬಾಗಿದ ಸರ್ಕಲ್ ಮಾದರಿಯದಿರಲಿ. ಅದು ಬಾಯಂಚಿಗೆ ಸಿಕ್ಕಿಕೊಳ್ಳುತ್ತದೆ, ಹೊಟ್ಟೆಗೆ ಇಳಿಯುವುದು ಕಡಿಮೆ. ಆ ಕೊಕ್ಕೆಗೆ ಜೋರಾಗಿ ಜಗ್ಗಬಾರದು, ದಾರ ಬಿಗಿಯಾದ ಮೇಲೆ ನಿಧಾನಕ್ಕೆ ಸುತ್ತಿದರೆ ಸಾಕು. ಎರೆಗೆ ಕುಮಟಾ ಪೇಟೆಯಲ್ಲಿ ಬೆಳಿಗ್ಗೆಯೇ ತಾರ್ಲೆ (ಬೂತಾಯಿ), ಶೆಟ್ಲಿ (ಸಿಗಡಿ) ತೆಗೆದುಕೊಳ್ಳಿ. ತಾರ್ಲೆಯನ್ನು ಓರೆಯಾಗಿ ಕತ್ತರಿಸಿದರೆ ಎಣ್ಣೆ ನೀರಿಗೆ ಇಳಿಯುತ್ತದೆ. ಏಡಿಗಳು ಕ್ಷಣದಲ್ಲಿ ತಿಂದು ಮುಗಿಸುತ್ತವಾದ್ದರಿಂದ ಆಗಾಗ ಎರೆ ಬದಲಿಸಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು ಇದು. ತೇಡೆ ಜಾತಿಯಲ್ಲಿ ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ಗೋಲಿಯಷ್ಟು ದಪ್ಪದ ಮೊಟ್ಟೆಗಳು. ಮರಿಯಾಗುವವರೆಗೆ ತಂದೆಗೆ ಉಪವಾಸ. ಮಳೆಗಾಲ ಕಳೆದ ನಂತರದ ತಿಂಗಳುಗಳು, ಅಂದರೆ ನೀವು ಹೊರಟಿರುವ ಸಮಯ, ಇದಕ್ಕೆ ಹೊಂದುತ್ತದೆ. ಕರ್ನಾಟಕ ಕರಾವಳಿಗೆ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದ ಮೇಲೆ ಹೀಗೆ ಮೊಟ್ಟೆ ಹೊತ್ತ ಗಂಡುಗಳ ಹಿಂಡು ಹಿಂಡೇ ಬಲೆಗೆ ಬಿದ್ದು, ಈ ಮೀನಿನ ಸಂತತಿ ಕುಸಿಯಿತು. ಇತರ ಮೀನುಗಳಂತೆ ಇದು ಲಕ್ಷಗಟ್ಟಲೆ ಮೊಟ್ಟೆ ಇಡುವುದಿಲ್ಲ. ಉಪವಾಸದಲ್ಲಿರುವ ಗಂಡು ಗಾಳಕ್ಕೆ ಬರುವುದು ಅಪರೂಪ. ಹಾಗಿದ್ದೂ ಹಿಡಿದ ಪ್ರತಿ ಮೀನಿನ ಬಾಯನ್ನು ನೀರಿನ ಮೇಲೆಯೇ ನೋಡಿ. ಗಂಟಲ ಭಾಗ ಉಬ್ಬಿದ್ದರೆ, ಒಳಗೆ ಮೊಟ್ಟೆ ಕಂಡರೆ, ದೋಣಿಗೆ ಎತ್ತದೆ ದಾರ ಕತ್ತರಿಸಿ ಬಿಟ್ಟುಬಿಡಿ. ಫೋಟೋಗೆಂದು ಎತ್ತಿದರೆ ಅದು ಮೊಟ್ಟೆಗಳನ್ನು ಉಗುಳುತ್ತದೆ, ಅಲ್ಲಿಗೆ ಆ ವರ್ಷದ ಸಂಸಾರ ಮುಗಿಯಿತು.

ಅನುಮತಿಯ ವಿಚಾರಕ್ಕೆ ಮೀನುಗಾರಿಕೆ ಇಲಾಖೆಯ ಕುಮಟಾ ಕಚೇರಿಯಲ್ಲಿ ಮೊದಲೇ ಕೇಳಿ. ದೋಣಿಯನ್ನು ಅಲ್ಲಿಯ ಅಂಬಿಗರಿಂದಲೋ ಹರಿಕಂತ್ರರಿಂದಲೋ ಆಳುಸಹಿತ ಬಾಡಿಗೆಗೆ ಹಿಡಿಯಿರಿ, ನೀವೇ ಹುಟ್ಟು ಹಾಕುವ ಹುರುಪು ಬೇಡ. ಲೈಫ್ ಜಾಕೆಟ್ ತೊಟ್ಟೇ ಇರಬೇಕು. ಅಳಿವೆಯ ಬಾಯಿ ದಾಟಿ ಸಮುದ್ರದ ಕಡೆಗೆ ಹೋಗಬೇಡಿ. ಆ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ಘಟ್ಟದ ಕಡೆ ಕಪ್ಪಾದ ಕೂಡಲೇ ಕೋಲು ಮಡಚಿ ದಡ ಸೇರಿ, ಕಾರ್ಬನ್ ಕೋಲು ಮಿಂಚಿಗೆ ದಾರಿ ಮಾಡಿಕೊಡುತ್ತದೆ.

ಪ್ರಶ್ನೆ: ವರದಾ ನದಿಯಲ್ಲಿ ಬಾಳೆ ಮೀನಿಗೆ ಗಾಳ ಹಾಕಬಹುದೇ? ನಮ್ಮ ಕೆರೆಯಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ತುಂಬಿದೆ, ಅದನ್ನು ಹೊಳೆಗೆ ಬಿಟ್ಟರೆ ಬೆಳೆಯುತ್ತದೆಯೇ?
— ಓದುಗರು, ಬನವಾಸಿ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಖಂಡಿತ ಬಿಡಬೇಡಿ. ಅದು ಬೆಳೆಯುತ್ತದೆ, ಅದೇ ಅಪಾಯ. ಕಂಡ ಮೀನು, ಕಪ್ಪೆ ಎಲ್ಲವನ್ನೂ ತಿಂದು ನಮ್ಮ ಹೊಳೆಯ ಜಾತಿಗಳನ್ನು ಮುಗಿಸುತ್ತದೆ. ಅದರ ಸಾಕಣೆಗೇ ದೇಶದಲ್ಲಿ ನಿಷೇಧವಿದೆ. ಹಿಡಿದದ್ದನ್ನು ಜೀವಂತ ಬೇರೆ ನೀರಿಗೆ ಒಯ್ಯಬೇಡಿ. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದಾಗ ಹೊಳೆ ಸೇರದಂತೆ ಬೇಸಿಗೆಯಲ್ಲೇ ಹಿಡಿದು ಖಾಲಿ ಮಾಡಿ.

ಬಾಳೆ ಮೀನಿನ ಬಗ್ಗೆ: ಜಿಲ್ಲೆಯ ಹೆಚ್ಚಿನ ನದಿಗಳು ಪಶ್ಚಿಮಕ್ಕೆ ಹೋದರೆ ನಿಮ್ಮ ವರದಾ ಪೂರ್ವಕ್ಕೆ ಹರಿದು ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ಬಾಳೆ ಮೀನು ಆ ದೊಡ್ಡ ಬಯಲುನದಿಗಳ ಬೇಟೆಗಾರ. ಅಳಿವಿನ ಅಪಾಯವನ್ನು ಅಳೆಯುವ ಜಾಗತಿಕ ಪಟ್ಟಿಯಲ್ಲಿ ಅದೀಗ ಅಪಾಯಕ್ಕೊಳಗಾಗಬಹುದಾದ ಜಾತಿ. ಮೊದಲ ಮಳೆಗೆ ಮೊಟ್ಟೆ ಇಡಲು ಹೊಸನೀರಿಗೆ ಏರಿ ಬರುವ ಹತ್ತುಮೀನನ್ನು ಕಡಿಯುವುದು ಮಲೆನಾಡಿನಲ್ಲಿ ಹಬ್ಬದಂತೆ ನಡೆದು ಬಂದಿದೆ. ಅದನ್ನು ನಿಲ್ಲಿಸಬೇಕೆಂದೇ ನನ್ನ ಕೋರಿಕೆ. ಚಳಿಗಾಲದಲ್ಲಿ ಗಾಳ ಹಾಕಿ, ಸಿಕ್ಕರೆ ನೋಡಿ ಬಿಡಿ.

ಪ್ರಶ್ನೆ: ಮಗನಿಗೆ ಸಂಗಟದ ಮುಳ್ಳು ಚುಚ್ಚಿ ಇಡೀ ರಾತ್ರಿ ನರಳಿದ. ಅತ್ತೆಯವರು ಅರಿಶಿನ, ಸುಣ್ಣ ಹಚ್ಚಿದರು. ಮತ್ತೇನು ಮಾಡಬೇಕಿತ್ತು?
— ಓದುಗರು, ಅಂಕೋಲಾ

ಉತ್ತರ: ಬೆನ್ನಿನ ಮೇಲೊಂದು, ಎರಡೂ ಪಕ್ಕಗಳಲ್ಲಿ ಒಂದೊಂದು, ಹೀಗೆ ಮೂರು ಮುಳ್ಳುಗಳಿರುತ್ತವೆ. ಗರಗಸದ ಅಂಚು, ಜತೆಗೆ ವಿಷ. ಆ ವಿಷ ಶಾಖಕ್ಕೆ ಕೆಡುತ್ತದೆ. ಚುಚ್ಚಿದ ಕೂಡಲೇ ಗಾಯ ತೊಳೆದು, ಕೈಯನ್ನು ತಡೆಯುವಷ್ಟು ಬಿಸಿಯಾದ, 45 ಡಿಗ್ರಿ ಮೀರದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಬೇಕು. ಶಾಖವನ್ನು ನೋವಿಲ್ಲದ ಕೈಯಿಂದ ಮೊದಲು ನೋಡಿ, ಇಲ್ಲವಾದರೆ ಬೊಬ್ಬೆ ಏಳುತ್ತದೆ. ಮೀನಿಗೆ ಹೋಗುವಾಗ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಬೇಕಾದದ್ದು ಅದಕ್ಕೇ. ಸುಣ್ಣ ಹಚ್ಚಬೇಡಿ, ಅದು ಚರ್ಮ ಸುಡುತ್ತದೆ. ಗಾಯದ ಬಾಯಿಯನ್ನು ಬಿಗಿಯಾಗಿ ಕಟ್ಟಲೂ ಬೇಡಿ. ಟಿಟಿ ಚುಚ್ಚುಮದ್ದು ಹಾಕಿಸಿ. ಮುಳ್ಳಿನ ತುಂಡು ಒಳಗೆ ಉಳಿದಂತಿದ್ದರೆ, ಮರುದಿನ ಊತ ಏರುತ್ತಿದ್ದರೆ, ಜ್ವರ ಬಂದರೆ ಆಸ್ಪತ್ರೆಗೆ ಹೋಗಲೇಬೇಕು. ಸಕ್ಕರೆ ಕಾಯಿಲೆ ಅಥವಾ ಯಕೃತ್ತಿನ ತೊಂದರೆ ಇರುವವರು ಅಷ್ಟು ಕಾಯುವಂತಿಲ್ಲ. ಉಪ್ಪುನೀರಿನ ಸೋಂಕು ಅವರಲ್ಲಿ ಬೇಗ ಏರುತ್ತದೆ, ಅದೇ ದಿನ ವೈದ್ಯರಿಗೆ ತೋರಿಸಬೇಕು.