ಶಿವಮೊಗ್ಗದಲ್ಲಿ ಬಾಡಿಗೆ ಮನೆ: ಪರಿಸರಕ್ಕೆ ಹೊರೆಯಾಗದ ಹಾಗೆ ಬದುಕಲು ಯಾವ ಅಭ್ಯಾಸದಿಂದ ಶುರು ಮಾಡಲಿ?

ನೀವು ಕೇಳಿದ್ದು ಎರಡು ವಿಷಯ. ಕೆಲಸಕ್ಕೆ ಅಂತ ಶಿವಮೊಗ್ಗಕ್ಕೆ ಬಂದಿದ್ದೀರಿ, ಮನೆಯಲ್ಲಿ ನಾಲ್ಕು ಜನ, ಸಣ್ಣ ಅಭ್ಯಾಸಗಳಲ್ಲಿ ಮೊದಲು ಯಾವುದು ಅಂತ ಒಂದು. ಬಿದಿರಿನ ಬ್ರಷ್ಷು, ಸ್ಟೀಲ್ ಸ್ಟ್ರಾ ಎಲ್ಲ ಇರುವ ‘ಇಕೋ ಕಿಟ್’ ತರಿಸಲಾ ಅಂತ ಇನ್ನೊಂದು. ಕಿಟ್ ಬೇಡ. ಶುರು ಮಾಡುವುದಿದ್ದರೆ ಬಚ್ಚಲುಮನೆಯಿಂದ ಮಾಡಿ.

ಮಲೆನಾಡಿನಲ್ಲಿ ಬಿಸಿನೀರು ಅಂದರೆ ಒಂದು ಚಟ. ಮಳೆಗಾಲ, ಚಳಿಗಾಲ ಬಿಡಿ, ಏಪ್ರಿಲ್‌ನಲ್ಲೂ ಸುಡುಸುಡು ನೀರು ಬೇಕು ಅನ್ನುವವರು ಇಲ್ಲಿದ್ದಾರೆ. ನಾನೂ ಅದೇ ಪೈಕಿ. ಈಗ ಲೆಕ್ಕ ನೋಡಿ. 20 ಲೀಟರ್ ಬಕೆಟ್ ನೀರಿನ ಬಿಸಿಯನ್ನು ಇದ್ದದ್ದಕ್ಕಿಂತ 20 ಡಿಗ್ರಿ ಏರಿಸಲು ಸುಮಾರು ಅರ್ಧ ಯೂನಿಟ್ ಕರೆಂಟು ಬೇಕು. ಅಷ್ಟೇ ಕರೆಂಟಿನಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬು 50 ಗಂಟೆಗಿಂತ ಜಾಸ್ತಿ ಉರಿಯುತ್ತದೆ. ನಾಲ್ಕು ಜನ, ದಿನಕ್ಕೆ ಒಂದೊಂದು ಬಕೆಟ್ ಅಂದರೆ ತಿಂಗಳಿಗೆ 60 ಯೂನಿಟ್. ಮಕ್ಕಳು ಲೈಟ್ ಆರಿಸಲಿಲ್ಲ ಅಂತ ಬೈದು, ಗೀಸರ್ ಬೆಳಗ್ಗೆಯಿಂದ ಆನ್ ಇಟ್ಟರೆ ಏನು ಬಂತು?

ಹಾಗಾಗಿ ಶವರ್ ಬಿಟ್ಟು ಬಕೆಟ್ ಹಿಡಿಯಿರಿ. ಗೀಸರಿನ ಥರ್ಮೋಸ್ಟಾಟ್ 65ರಲ್ಲಿದ್ದರೆ 50ಕ್ಕೆ ಇಳಿಸಿ. ಹೇಗೂ ತಣ್ಣೀರು ಬೆರೆಸಿಯೇ ಸ್ನಾನ ಮಾಡುವುದು ಅಲ್ವಾ? ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ನೀರು ಕಾದ ತಕ್ಷಣ ಆರಿಸಿ, ಒಬ್ಬರ ಹಿಂದೆ ಒಬ್ಬರು ಮುಗಿಸಿ. ಸುಮ್ನೆ ಆನ್ ಇಟ್ಟರೆ ಟ್ಯಾಂಕು ದಿನವಿಡೀ ಶಾಖ ಬಿಡುತ್ತಾ, ಮತ್ತೆ ಮತ್ತೆ ಕಾಯಿಸುತ್ತಾ ಇರುತ್ತದೆ. ಮಾಲೀಕರು ಸೋಲಾರ್ ಹಾಕಿಸಿದ್ದರೆ ಜೂನ್‌ನಿಂದ ಅದರ ಬ್ಯಾಕಪ್ ಕಾಯಿಲ್ ಮೇಲೆ ಕಣ್ಣಿಡಿ. ಇಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಹೆಸರಿಗೆ ಸೋಲಾರ್, ನೀರು ಕಾಯಿಸುವುದು ಕರೆಂಟು.

‘ನಮ್ಮದು ಜೋಗದ ಕರೆಂಟು, ಹೊಗೆ ಇಲ್ಲ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಶರಾವತಿಯ ಕರೆಂಟೂ ರಾಯಚೂರಿನ ಕಲ್ಲಿದ್ದಲಿನ ಕರೆಂಟೂ ಸೇರುವುದು ಒಂದೇ ಜಾಲಕ್ಕೆ. ಅಣೆಕಟ್ಟೆಯಲ್ಲಿ ನೀರು ಕಡಿಮೆಯಾದರೆ ಕಲ್ಲಿದ್ದಲು ಜಾಸ್ತಿ ಉರಿಯುತ್ತದೆ. ಇನ್ನು ಆ ನೀರಿನ ಕರೆಂಟು ಕೂಡ ಪುಕ್ಕಟೆ ಬಂದದ್ದಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗೆ ಊರು, ತೋಟ ಕಳೆದುಕೊಂಡ ಎಷ್ಟೋ ಮನೆಯವರು ತಾವಿರುವ ಜಾಗದ ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿದ್ದಾರೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ತುಂಬ ಮನೆಗಳಿಗೆ ಬಿಲ್ಲು ಸೊನ್ನೆ. ಮೀಟರ್ ನೋಡುವ ಅಭ್ಯಾಸವೇ ತಪ್ಪಿಹೋಗಿದೆ. ತಿಂಗಳಿಗೊಮ್ಮೆ ಬಿಲ್ಲಿನಲ್ಲಿ ದುಡ್ಡು ಬಿಟ್ಟು ಯೂನಿಟ್ ಓದಿ.

ಹಿತ್ತಲಲ್ಲಿ ಹಂಡೆ ಒಲೆ ಇರುವ ಹಳೇ ಮನೆ ಸಿಕ್ಕಿದ್ದರೆ ಅದೃಷ್ಟ. ಕರಟ, ಒಣ ಸೋಗೆ, ತೆಂಗಿನ ಹೆಡೆ ಹೇಗೂ ಬಿದ್ದಿರುತ್ತವೆ, ಅದರಲ್ಲೇ ನೀರು ಕಾಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ರೂಪಿಸಿದ ಅಸ್ತ್ರ ಒಲೆಯಾದರೆ ಇನ್ನೂ ಒಳ್ಳೆಯದು. ಕಟ್ಟಿಗೆ ಕಡಿಮೆ ಸಾಕು, ಹೊಗೆ ಚಿಮಣಿಯಲ್ಲಿ ಹೊರಗೆ ಹೋಗುತ್ತದೆ. ಆದರೆ ಇಲ್ಲಿನ ಒಂದು ಕೆಟ್ಟ ರೂಢಿ ಮಾತ್ರ ಕಲಿಯಬೇಡಿ. ಬೆಂಕಿ ಬೇಗ ಹೊತ್ತಲಿ ಅಂತ ಪ್ಲಾಸ್ಟಿಕ್ ಕವರು, ಹರಿದ ಚಪ್ಪಲಿ ತುರುಕುತ್ತಾರೆ. ಒಳ್ಳೊಳ್ಳೆ ಓದಿದವರ ಮನೆಯಲ್ಲೂ ನೋಡಿದ್ದೇನೆ. ಆ ಹೊಗೆ ಮೊದಲು ಹೋಗುವುದು ಒಲೆ ಮುಂದೆ ಕೂತವರ ಮೂಗಿಗೆ. ಪಿವಿಸಿ ಅನ್ನುವ ಪ್ಲಾಸ್ಟಿಕ್ ಸೇರಿದ್ದರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಅದೇ ಬೂದಿ ಆಮೇಲೆ ಬಸಳೆ ಬುಡಕ್ಕೆ, ಪಾತ್ರೆ ತಿಕ್ಕಲಿಕ್ಕೆ! ಹಾಲಿನ ಕವರನ್ನು ತೊಳೆದು ಒಣಗಿಸಿ ಗುಜರಿಗೆ ಕೊಡಿ. ಅದು ಪಾಲಿಥೀನ್, ಮರುಬಳಕೆ ಆಗುತ್ತದೆ. ಕತ್ತರಿಸುವಾಗ ಮೂಲೆಯ ತುಂಡು ಬೇರೆಯಾಗದ ಹಾಗೆ ನೋಡಿಕೊಳ್ಳಿ. ಅಷ್ಟು ಚಿಕ್ಕ ಚೂರನ್ನು ಯಾರೂ ಆಯುವುದಿಲ್ಲ, ಸೀದಾ ಚರಂಡಿಗೆ, ಅಲ್ಲಿಂದ ತುಂಗೆಗೆ.

ಹಸಿ ಕಸವನ್ನು ಗೊಬ್ಬರ ಮಾಡಲು ಬಾಲ್ಕನಿಯಲ್ಲಿ ಎರಡು ಮಣ್ಣಿನ ಮಡಕೆ ಸಾಕು. ಬಯಲುಸೀಮೆಯವರ ವಿಡಿಯೋ ನೋಡಿ ‘ಆಗಾಗ ನೀರು ಚಿಮುಕಿಸಿ’ ಅನ್ನುವುದನ್ನು ಇಲ್ಲಿ ಪಾಲಿಸಿದರೆ ಜುಲೈ ಹೊತ್ತಿಗೆ ಹುಳ, ವಾಸನೆ, ಪಕ್ಕದ ಮನೆಯವರ ಜಗಳ ಮೂರೂ ಗ್ಯಾರಂಟಿ. ಇಲ್ಲಿನ ಗಾಳಿಯಲ್ಲೇ ಬೇಕಾದಷ್ಟು ತೇವ ಇದೆ. ನಿಮಗೆ ಬೇಕಾದ್ದು ಒಣ ಪದಾರ್ಥ. ಬೇಸಿಗೆಯಲ್ಲೇ ಒಂದು ಚೀಲ ದರಗೆಲೆ ತುಂಬಿಸಿ ಮಳೆ ತಾಗದ ಕಡೆ ಇಡಿ. ಪ್ರತಿ ಸಲ ಸಿಪ್ಪೆ ಹಾಕಿದಾಗ ಮೇಲೊಂದು ಹಿಡಿ ಎಲೆ. ಒಣಗಿದ ಅಡಿಕೆ ಸಿಪ್ಪೆಯೂ ಆಗುತ್ತದೆ, ಆದರೆ ಕೊಳೆಯಲು ತುಂಬ ಸಮಯ ಬೇಕು. (ಸುಲಿತದ ಕಾಲದಲ್ಲಿ ಇದನ್ನೇ ರಸ್ತೆ ಬದಿ ಸುರಿದು ಬೆಂಕಿ ಹಚ್ಚುತ್ತಾರೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.)

ಇನ್ನು ಚೀಲ. ದುಡ್ಡು ಕೊಟ್ಟು ಕೊಳ್ಳಲೇಬೇಡಿ. ಇಲ್ಲಿ ನಾಲ್ಕು ಮದುವೆಗೆ ಹೋದರೆ ತಾಂಬೂಲದ ಚೀಲಗಳು ಮೊಳೆ ತುಂಬ ತೂಗುತ್ತವೆ. ಬಟ್ಟೆಯ ಹಾಗೆ ಕಂಡರೂ ಹೆಚ್ಚಿನವು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಬಂದಿವೆಯಲ್ಲ, ಹರಿಯುವ ತನಕ ಬಳಸಿ.

ಅಡುಗೆಮನೆ ವಿಷಯದಲ್ಲಿ ಮಲೆನಾಡಿನವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹೀರೆಕಾಯಿ ಸಿಪ್ಪೆ ಚಟ್ನಿಗೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ, ಹಲಸಿನ ಬೀಜ ಸಾರಿಗೆ. ನೀವು ಒಂದೇ ಒಂದು ಕಲಿಯುವುದಾದರೆ ತಂಬುಳಿ ಕಲಿಯಿರಿ. ಒಂದೆಲಗ, ಕಾಯಿತುರಿ, ಜೀರಿಗೆ, ಮಜ್ಜಿಗೆ, ಅಷ್ಟೇ. ಒಗ್ಗರಣೆಗೆ ಬಿಟ್ಟರೆ ಗ್ಯಾಸ್ ಹಚ್ಚುವ ಕೆಲಸವೇ ಇಲ್ಲ.

ಕಿಟ್ ಬೇಡ ಅಂದೆನಲ್ಲ. ಇರುವ ಪ್ಲಾಸ್ಟಿಕ್ ಬ್ರಷ್ ಎಸೆದು ಬಿದಿರಿನದ್ದು ತಂದರೆ ಕಸ ಒಂದು ಜಾಸ್ತಿಯಾಯಿತು, ಅಷ್ಟೇ. ಸ್ಟ್ರಾ ನಿಮಗೆ ಯಾಕೆ, ಎಳನೀರನ್ನು ಎತ್ತಿ ಕುಡಿಯಬಹುದು. ಖರ್ಚು ಮಾಡಲೇಬೇಕು ಅಂತಿದ್ದರೆ ರಾತ್ರಿಯಿಡೀ ತಿರುಗುವ ಫ್ಯಾನ್ ಬದಲಿಸಿ. ಹಳೇ ಫ್ಯಾನ್ 75 ವ್ಯಾಟ್ ತಿಂದರೆ ಕಡಿಮೆ ಕರೆಂಟಿನಲ್ಲಿ ತಿರುಗುವ ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ 30ರ ಆಸುಪಾಸು ಸಾಕು. 10 ಗಂಟೆ ತಿರುಗಿದರೆ ಹತ್ತಿರ ಹತ್ತಿರ ಅರ್ಧ ಯೂನಿಟ್ ಉಳಿಯುತ್ತದೆ. ಬಾಡಿಗೆ ಮನೆ ಅಂತ ಹಿಂಜರಿಯಬೇಡಿ. ಮಾಲೀಕರ ಫ್ಯಾನನ್ನು ಅಟ್ಟದ ಮೇಲೆ ಜೋಪಾನವಾಗಿ ಇಡಿ, ಮನೆ ಬಿಡುವಾಗ ಅದನ್ನು ವಾಪಸ್ ಹಾಕಿಸಿ ನಿಮ್ಮದನ್ನು ಬಿಚ್ಚಿಕೊಂಡು ಹೋಗಿ.